ಬಿಚ್ಚಿಕೊಡದ ಪೊಟ್ಟಣ

“ಅವ್ವಾ, ಮನೆಯಲ್ಲಿ ಈ ಪೊಟ್ಟಣದ ತಿಂಡಿಯ ಚಟ ಬಿಡಿಸಬೇಕು ಅಂದರೆ ಎಲ್ಲಿಂದ ಶುರು ಮಾಡಬೇಕು?”

ಕೇಳಿದವಳು ಜಯಶೀಲ. ತತ್ವಪದ ಕಲಿಯಲು ವಾರಕ್ಕೊಂದು ಸಲ ನಿಂಗಾಜಮ್ಮನವರ ಮನೆಗೆ ಬರುವ ಹೆಂಗಸರಲ್ಲಿ ಅವಳೇ ಚಿಕ್ಕವಳು. ಮಕ್ಕಳಿಬ್ಬರೂ ಮುದ್ದೆ ಕಂಡರೆ ಮೂಗು ಮುಚ್ಚುತ್ತಾರೆ, ಗಂಡನಿಗೆ ಕರುಂಕುರುಂ ಇಲ್ಲದೆ ಕಾಫಿ ಇಳಿಯುವುದಿಲ್ಲ, ತನಗೂ ಅದೇ ರೂಢಿಯಾಗಿದೆ ಎಂದು ಹೇಳಿಕೊಂಡಳು.

“ಅತ್ತೆ?” ಎಂದರು ನಿಂಗಾಜಮ್ಮ.

“ಅವರದೇನೂ ತಾಪತ್ರಯ ಇಲ್ಲ ಅವ್ವಾ. ಏನು ಕೊಟ್ರೂ ಬೇಡ ಅನ್ನಲ್ಲ. ಈಗಲೂ ಒಂದು ಬಿಸ್ಕತ್ ಪೊಟ್ಟಣ ಕೈಗೆ ಕೊಟ್ಟೇ ಬಂದೆ.”

ನಿಂಗಾಜಮ್ಮ ತಂಬೂರಿಯನ್ನು ಗೋಡೆಗೆ ಒರಗಿಸಿದರು. ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಬ್ಬಳು ಸೊಸೆ ಇದ್ದಳು. ಹೆಸರು ಬೇಡ. ಹೆಸರು ಹೇಳಿದರೆ ನಾಳೆ ಬೆಳಿಗ್ಗೆ ನೀವೆಲ್ಲ ಕಾಫಿಪುಡಿ ಕೇಳುವ ನೆಪದಲ್ಲಿ ಅವಳ ಬಾಗಿಲಲ್ಲಿ ನಿಂತಿರುತ್ತೀರಿ. ಸೊಸೆ ಅಂದರೆ ಸಾಕು. ಅವಳ ಗಂಡನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ. ಐದು ವರ್ಷದ ಒಬ್ಬಳು ಮಗಳು. ಮನೆಯಲ್ಲಿ ಗಂಡನ ತಾಯಿ.

ಸೊಸೆ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಕೆಟ್ಟವಳ ಕತೆಯಾದರೆ ನಿಮಗೆ ಕೇಳಲು ಸುಖ, ಕಲಿಯಲು ಏನೂ ಇರುವುದಿಲ್ಲ. ಅವಳಿಗೆ ಒಲೆಯ ಮುಂದೆ ನಿಲ್ಲಲು ಬೇಸರ, ಅಷ್ಟೆ. ಮಧ್ಯಾಹ್ನ ಒಂದು ಹೊತ್ತು ಕುಕ್ಕರು ಕೂಗುತ್ತಿತ್ತು. ಉಳಿದ ಹೊತ್ತೆಲ್ಲ ಕತ್ತರಿಯೇ ಅಡುಗೆ ಮಾಡುತ್ತಿತ್ತು. ಬೆಳಿಗ್ಗೆ ಒಂದು ಪೊಟ್ಟಣ ಕತ್ತರಿಸಿ ಬಿಸಿನೀರಿಗೆ ಸುರಿದರೆ ಉಪ್ಪಿಟ್ಟು. ರಾತ್ರಿ ಇನ್ನೊಂದು ಕತ್ತರಿಸಿದರೆ ನೂಡಲ್ಸು. ಕತ್ತರಿ ಮಗುವಿನ ಕೈಗೆ ಸಿಗಬಾರದೆಂದು ಎತ್ತರದ ಮೊಳೆಗೆ ನೇತುಹಾಕಿದ್ದಳು. ಅದು ಅತ್ತೆಯ ಕೈಗೂ ಎಟುಕುತ್ತಿರಲಿಲ್ಲ.

ಅತ್ತೆಗೆ ಆ ಉಪ್ಪಿಟ್ಟು, ಆ ನೂಡಲ್ಸು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಾಗಾಗಿ ಅವಳಿಗೆ ಬೆಳಿಗ್ಗೆ ಒಂದು ಬಿಸ್ಕತ್ ಪೊಟ್ಟಣ, ಸಂಜೆ ಒಂದು. ಸೊಸೆ ಕೋಣೆಯ ಬಾಗಿಲಲ್ಲಿ ನಿಂತು ಕೈಗೆ ಕೊಟ್ಟು ಬರುತ್ತಿದ್ದಳು. ನಲ್ಲಿಯ ಹತ್ತಿರ ಹೆಂಗಸರು ಅತ್ತೆ ಸೊಸೆಯರ ಜಗಳ ಎತ್ತಿದಾಗೆಲ್ಲ ಇವಳು ಒಂದೇ ಮಾತು ಹೇಳುತ್ತಿದ್ದಳು. “ನಮ್ಮತ್ತೆ ಚಿನ್ನ ಕಣ್ರೀ. ಏನ್ ಕೊಟ್ರೂ ಬೇಡ ಅನ್ನಲ್ಲ.”

ಬೆರಳಲ್ಲಿ ಬಲವಿರುವವರೆಗೆ ಅತ್ತೆ ಹೇಗೋ ತಾನೇ ಬಿಚ್ಚಿಕೊಂಡಳು. ಒಂದು ದಿನ ಪೊಟ್ಟಣ ಹಿಡಿದುಕೊಂಡು ಈಚೆಗೆ ಬಂದಳು.

“ಇದ ವಸಿ ಬಿಚ್ಕೊಡು ಮಗಾ.”

ಸೊಸೆಯ ಕೈಯಲ್ಲಿ ಮೊಬೈಲ್ ಇತ್ತು. ತಲೆ ಎತ್ತಲಿಲ್ಲ. “ಹಲ್ಲಲ್ಲಿ ಕಚ್ಚಿ ಎಳೀರಿ ಅತ್ತೆ, ಬತ್ತದೆ.”

ಅತ್ತೆಯ ಬಾಯಲ್ಲಿ ಕೊನೆಯ ಹಲ್ಲು ಉದುರಿ ಎಂಟು ವರ್ಷವಾಗಿತ್ತು.

ಅವಳು ಪೊಟ್ಟಣ ಹಿಡಿದುಕೊಂಡೇ ತಿರುಗಿದಳು. ಒಳಗೆ ಹೋದಳು. ಮತ್ತೆ ಕೇಳಲಿಲ್ಲ. ಒಂದು ಮಾತು ಎರಡು ಸಲ ಕೇಳುವ ಪೈಕಿಯೇ ಅಲ್ಲ ಆ ಮುದುಕಿ. ಸೊಸೆಗೆ ತಾನು ಆಡಿದ್ದು ಅಂದೇ ಮರೆತುಹೋಯಿತು.

ಬೇಸಿಗೆ ಕಳೆಯುವ ಮೊದಲು ಅತ್ತೆ ತೀರಿಕೊಂಡಳು. ಡಾಕ್ಟರು ನಿಶ್ಶಕ್ತಿ ಎಂದರು, ವಯಸ್ಸು ಎಂದರು. ಹೆಣಕ್ಕೆ ನೀರು ಹಾಕಿದ ಹೆಂಗಸರು ಬೇರೆ ಹೇಳಿದರು. ಒಣಗಿದ ಸೋರೆಬುರುಡೆ ಎತ್ತಿದ ಹಾಗಿತ್ತು ಎಂದರು. ಹೇಳಿದ್ದು ಪಿಸುಮಾತಿನಲ್ಲೇ. ಆದರೆ ಆ ಬೀದಿಯಲ್ಲಿ ಪಿಸುಮಾತು ಡಂಗುರಕ್ಕಿಂತ ದೂರ ಹೋಗುತ್ತದೆ. ಮದುವೆಯಾಗಿ ಬೇರೆ ಊರಿನಲ್ಲಿದ್ದ ನಾದಿನಿಯ ಕಿವಿಗೂ ಮುಟ್ಟಿತು.

ಹನ್ನೊಂದನೆಯ ದಿನ ತಾಯಿಯ ಸೀರೆ ಮಗಳಿಗೆ ಕೊಡಬೇಕು. ಅದಕ್ಕೆ ಮುದುಕಿಯ ಟ್ರಂಕು ತೆಗೆಯಬೇಕು. ನಾದಿನಿ ಬಸ್ಸಿಳಿಯುವ ಮೊದಲೇ ಸೊಸೆ ಅದನ್ನು ತೆಗೆದಳು. ಬೆಲೆಬಾಳುವುದೇನಾದರೂ ಇದ್ದರೆ ತಾನೇ ಮೊದಲು ನೋಡೋಣ ಎಂದು. ನಗಬೇಡಿ, ನೀವಾಗಿದ್ದರೂ ನೋಡುತ್ತಿದ್ದಿರಿ.

ನುಸಿಗುಳಿಗೆಯ ವಾಸನೆ ಮುಖಕ್ಕೆ ಹೊಡೆಯಿತು. ಮೇಲೆ ಎರಡು ಸೀರೆ. ಸೀರೆಯ ಕೆಳಗೆ ಬಿಸ್ಕತ್ ಪೊಟ್ಟಣಗಳು. ಒಂದೂ ಬಿಚ್ಚಿರಲಿಲ್ಲ. ಎಣಿಸಿದಳು. ಮೂವತ್ತೇಳು. ದಿನಕ್ಕೆರಡು ಎಂದು ಹಿಡಿದರೆ ಹೆಚ್ಚುಕಡಿಮೆ ಹತ್ತೊಂಬತ್ತು ದಿನ.

ಮೊಮ್ಮಗಳಿಗೆಂದು ಕೂಡಿಟ್ಟಿರಬೇಕು ಅಂದುಕೊಂಡಳು. ಅಂದುಕೊಂಡು ಒಂದು ಪೊಟ್ಟಣ ಎತ್ತಿದಳು. ಅದರ ಮೂಲೆ ಮುದುರಿ ಬೆಳ್ಳಗಾಗಿತ್ತು. ಇನ್ನೊಂದು ಎತ್ತಿದಳು. ಅದರ ಮೂಲೆಯೂ ಹಾಗೇ ಇತ್ತು. ಬರೀ ದವಡೆಯಲ್ಲಿಟ್ಟು ಅಗಿದು, ಎಳೆದು, ಬಿಟ್ಟ ಗುರುತು. ಬಾಯಲ್ಲಿ ಒದ್ದೆಯಾಗಿ ಆಮೇಲೆ ಒಣಗಿದ ಗುರುತು.

ಆಗ ಅವಳಿಗೆ ತನ್ನ ಮಾತು ನೆನಪಾಯಿತು. ಹಲ್ಲಲ್ಲಿ ಕಚ್ಚಿ ಎಳೀರಿ ಅತ್ತೆ.

ಹೊರಗೆ ನಾದಿನಿಯ ಆಟೋ ನಿಂತಿತು. ಸೊಸೆ ಮೂವತ್ತೇಳನ್ನೂ ಅಕ್ಕಿಚೀಲಕ್ಕೆ ತುಂಬಿ ಅಟ್ಟಕ್ಕೆ ಎಸೆದಳು. ಬಾಗಿಲಿಗೆ ಬಂದು ಅತ್ತಳು. ಆ ಅಳು ಸುಳ್ಳಲ್ಲ. ಆದರೆ ಅದು ಅತ್ತೆ ಹೋದಳೆಂದು ಬಂದ ಅಳುವೂ ಅಲ್ಲ.

ಅಂದಿನಿಂದ ಅವಳಿಗೆ ಭಯ ಹಿಡಿಯಿತು. ಚೀಲವನ್ನು ಎಸೆಯಲು ಆಗುತ್ತಿರಲಿಲ್ಲ. ಎದುರುಮನೆಯಲ್ಲಿ ಒಬ್ಬಳಿದ್ದಳು. ಕಸದ ಗಾಡಿ ಬಂತೆಂದರೆ ಅವಳಿಗೆ ಪೇಪರ್ ಬಂದ ಹಾಗೆ. ಯಾರ ಬುಟ್ಟಿಯಲ್ಲಿ ಏನಿದೆ ಎಂದು ನೋಡಿ, ಆ ಮನೆಯಲ್ಲಿ ನಿನ್ನೆ ಏನು ನಡೆಯಿತೆಂದು ಹೇಳಬಲ್ಲವಳು. ಬಿಚ್ಚದ ಬಿಸ್ಕತ್ತು ಅವಳ ಕಣ್ಣಿಗೆ ಬಿದ್ದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತು, ಅತ್ತೆಯನ್ನು ಉಪವಾಸ ಕೆಡವಿ ಕೊಂದವಳು ಇವಳೇ ಎಂದು. ಮಗಳಿಗೆ ತಿನ್ನಿಸಲು ಕೈ ಬರುತ್ತಿರಲಿಲ್ಲ. ಚೀಲ ಅಟ್ಟದ ಮೇಲೇ ಉಳಿಯಿತು.

ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಇದ್ದಾಗ ಅಟ್ಟದಿಂದ ಪರಪರ ಎನ್ನುವುದು ಕೇಳುತ್ತಿತ್ತು. ಇಲಿ ಎಂದುಕೊಂಡಳು. ಏಣಿ ಹತ್ತಿ ನೋಡುವ ಧೈರ್ಯವಾಗಲಿಲ್ಲ. ಗಂಡ ಮಿಕ್ಸ್ಚರ್ ಪೊಟ್ಟಣ ಹರಿದರೆ ಕೈಯಲ್ಲಿದ್ದ ಲೋಟ ಬಿಡುತ್ತಿದ್ದಳು. ಮಗಳು ಪೊಟ್ಟಣ ತಂದು “ಬಿಚ್ಚಿಕೊಡಮ್ಮ” ಅಂದರೆ ಬೆವರುತ್ತಿದ್ದಳು. ಆದರೂ ಪೊಟ್ಟಣ ತರುವುದನ್ನು ಬಿಡಲಿಲ್ಲ. ಹಾಗಿದೆ ನೋಡಿ ಅಭ್ಯಾಸ. ಹೆದರಿಕೊಂಡೇ ತಿನ್ನುತ್ತಾರೆ.

ಪಿತೃಪಕ್ಷ ಬಂತು. ಸತ್ತ ಮೇಲೆ ಬಂದ ಮೊದಲ ಪಕ್ಷ. ತಾಯಿಗೆ ಎಡೆ ಇಡಬೇಕೆಂದು ನಾದಿನಿ ಬಂದಳು. ಎಡೆಗೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಇಡುವುದು ರೂಢಿ. ಬೀಡಿ ಸೇದುತ್ತಿದ್ದವನಿಗೆ ಬೀಡಿ, ಮಾಂಸ ತಿನ್ನುತ್ತಿದ್ದವನಿಗೆ ಮಾಂಸ. ಎಡೆ ಇಟ್ಟು ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ನಿಲ್ಲಬೇಕು. ಹಿರಿಯರು ಬಂದು ಉಣ್ಣುವಷ್ಟು ಹೊತ್ತು ಒಳಗೆ ಯಾರೂ ಇರಬಾರದು.

ನಾದಿನಿ ಅಣ್ಣನನ್ನು ಕೇಳಿದಳು. “ಅವ್ವಂಗೆ ಕೊನೇಲಿ ಏನಿಷ್ಟ ಇತ್ತು?”

ಗಂಡ, ಎಲ್ಲ ಗಂಡಂದಿರ ಹಾಗೆ, ಹೆಂಡತಿಯ ಮುಖ ನೋಡಿದ.

“ಬಿಸ್ಕತ್ತು,” ಎಂದಳು ಸೊಸೆ. “ಬಿಸ್ಕತ್ತು ಅಂದ್ರೆ ಪ್ರಾಣ ಬಿಡೋರು.”

ಆಡಿದ ಮೇಲೆ ಆ ಮಾತಿನ ಅರ್ಥ ಅವಳಿಗೇ ಚುಚ್ಚಿತು. ಆದರೆ ತಲೆಯಲ್ಲಿ ಒಂದು ಉಪಾಯವೂ ಹೊಳೆಯಿತು. ಎಡೆಗೆ ಇಟ್ಟದ್ದನ್ನು ಆಮೇಲೆ ಬೀದಿಯ ಮಕ್ಕಳಿಗೆ ಹಂಚಬಹುದು. ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಅತ್ತೆಯದು ಅತ್ತೆಗೇ ಸೇರಿದಂತೆಯೂ ಆಯಿತು, ಮನೆಯಿಂದ ತೊಲಗಿದಂತೆಯೂ ಆಯಿತು. ಹಾಡುಹಗಲಲ್ಲಿ ಏಣಿ ಹತ್ತಿದಳು. ಮೂಲೆ ಮುದುರದ ಹನ್ನೊಂದು ಪೊಟ್ಟಣ ಆರಿಸಿದಳು. ಸೆರಗಿನಲ್ಲಿ ಒರೆಸಿದಳು.

ಅತ್ತೆ ಮಲಗುತ್ತಿದ್ದ ಕೋಣೆಯಲ್ಲೇ ಎಲೆ ಹಾಕಿದರು. ಮುದ್ದೆ, ಸಾರು, ವಡೆ, ಎಲೆಯಡಿಕೆ, ಹೊಸ ಸೀರೆ. ನಡುವೆ ಹನ್ನೊಂದು ಬಿಸ್ಕತ್ ಪೊಟ್ಟಣ. ನೋಡಲು ಬಂದ ಎದುರುಮನೆಯವಳು, “ಸೊಸೆ ಅಂದ್ರೆ ಹಿಂಗಿರ್ಬೇಕು” ಎಂದಳು. ಎಂದು ಪೊಟ್ಟಣಗಳನ್ನು ಇನ್ನೊಮ್ಮೆ ನೋಡಿದಳು.

ಕಿಟಕಿ ಹಾಕಿದರು. ದೀಪ ಹಚ್ಚಿದರು. ಬಾಗಿಲು ಎಳೆದುಕೊಂಡು ಹೊರಗೆ ನಿಂತರು.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಳಗಿನಿಂದ ಪರ ಎಂದಿತು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಮತ್ತೆ ಪರಪರ. ಯಾರೋ ಪೊಟ್ಟಣ ಹಿಡಿದುಕೊಂಡ ಸದ್ದು.

“ಬೆಕ್ಕು,” ಎಂದಳು ಎದುರುಮನೆಯವಳು. ದನಿ ಸಣ್ಣಗಾಗಿತ್ತು.

“ಬಾಗಿಲು ಹಾಕೋ ಮುಂಚೆ ಮೂಲೆಮೂಲೆ ನೋಡಿವ್ನಿ. ಬೆಕ್ಕಿರ್ಲಿಲ್ಲ,” ಎಂದಳು ನಾದಿನಿ. ಅವಳ ಕಣ್ಣಲ್ಲಿ ನೀರು ಬಂತು. ಕೈಮುಗಿದಳು. “ನಮ್ಮವ್ವ ಬಂದ್ಲು.”

ಎಲ್ಲರೂ ಕೈಮುಗಿದರು. ಸೊಸೆ ಮಾತ್ರ ಮುಗಿಯಲಿಲ್ಲ. ಅವಳು ಕಿವಿಗೊಟ್ಟಿದ್ದಳು. ಪರಪರ ಎನ್ನುತ್ತದೆ, ನಿಲ್ಲುತ್ತದೆ. ದಣಿವಾರಿಸಿಕೊಳ್ಳುವಷ್ಟು ಹೊತ್ತು ಬಿಟ್ಟು ಮತ್ತೆ ಪರಪರ ಎನ್ನುತ್ತದೆ. ಹರಿದ ಸದ್ದು ಮಾತ್ರ ಬರುವುದಿಲ್ಲ.

ಈ ಸದ್ದು ಅವಳಿಗೆ ಹೊಸದಲ್ಲ. ಅತ್ತೆ ಬದುಕಿದ್ದಾಗ ದಿನಾ ಬೆಳಿಗ್ಗೆ ಗೋಡೆಯಾಚೆಯಿಂದ ಕೇಳುತ್ತಿತ್ತು. ಪರಪರ, ನಿಲ್ಲುವುದು, ಪರಪರ. ಮೊಬೈಲ್ ನೋಡುತ್ತ ಕೂತಿದ್ದವಳು ಅದು ಏನೆಂದು ಒಂದು ದಿನವೂ ಎದ್ದು ನೋಡಿರಲಿಲ್ಲ.

ಅವಳು ಎಲ್ಲರನ್ನೂ ಸರಿಸಿ ಮುಂದೆ ಬಂದಳು. ಬಾಗಿಲ ಅಗುಳಿಗೆ ಕೈ ಹಾಕಿದಳು. ನಾದಿನಿ ಆ ಕೈ ಹಿಡಿದಳು.

“ಏನ್ ಮಾಡ್ತಿದ್ದೀರಿ ಅತ್ತಿಗೆ? ಈಗ ತೆಗೆದ್ರೆ ಅವ್ವ ಹಸ್ಕೊಂಡೇ ಎದ್ದೋಯ್ತಳೆ. ಇನ್ನೊಂದು ವರ್ಷ ಬರಲ್ಲ.”

“ಬಿಡು ಕೈಯ,” ಎಂದಳು ಸೊಸೆ. “ಅವರ ಕೈಲಿ ಬಿಚ್ಚಕ್ಕಾಗಲ್ಲ.”

ಆ ಮಾತು ಎಲ್ಲರಿಗೂ ಕೇಳಿಸಿತು. ಎದುರುಮನೆಯವಳಿಗೆ ಎಲ್ಲರಿಗಿಂತ ಚೆನ್ನಾಗಿ ಕೇಳಿಸಿತು.

ಬಾಗಿಲು ತೆಗೆದರೆ ಒಳಗೆ ಯಾರೂ ಇಲ್ಲ. ದೀಪ ಉರಿಯುತ್ತಿತ್ತು. ಮುದ್ದೆ ಇಟ್ಟ ಹಾಗೇ ಇತ್ತು, ವಡೆ ಇಟ್ಟ ಹಾಗೇ ಇತ್ತು. ಒಂದು ಪೊಟ್ಟಣ ಮಾತ್ರ ಎಲೆಯಿಂದ ಈಚೆ ಬಿದ್ದಿತ್ತು. ಸೊಸೆ ಅದನ್ನು ಎತ್ತಿದಳು. ಮೂಲೆ ಮುದುರಿತ್ತು. ಒದ್ದೆಯಾಗಿತ್ತು.

ನಾನು ಇಲಿ ಎಂದೇ ಹೇಳುತ್ತೇನೆ. ಇಲಿಯಾದರೆ ತೂತು ಮಾಡುತ್ತದೆ, ಒದ್ದೆ ಮಾಡುವುದಿಲ್ಲ ಎಂದು ನೀವು ಅನ್ನಬಹುದು. ಅನ್ನಬೇಡಿ. ಈ ಮನೆಯಲ್ಲಿ ಒಬ್ಬಳೇ ಮಲಗುವವಳು ನಾನು.

ಸೊಸೆ ಎಡೆಯ ಮುಂದೆ ಕುಸಿದಳು. ಪೊಟ್ಟಣವನ್ನು ಬಾಯಿಗಿಟ್ಟು ಹಲ್ಲಿನಿಂದ ಹರಿದಳು. ಎಲೆಯ ಮೇಲೆ ಸುರಿದಳು. ಇನ್ನೊಂದು ಹರಿದಳು. ಹನ್ನೊಂದನ್ನೂ ಹರಿದಳು. “ತಿನ್ನಿ ಅತ್ತೆ, ಬಿಚ್ಚಿದೀನಿ, ತಿನ್ನಿ” ಅನ್ನುತ್ತಿದ್ದಳು. ತುಟಿ ಕೊಯ್ದು ರಕ್ತ ಬಂದದ್ದೂ ಅವಳಿಗೆ ತಿಳಿಯಲಿಲ್ಲ.

ಬಿಸ್ಕತ್ತಿನಿಂದ ನುಸಿಗುಳಿಗೆಯ ವಾಸನೆ ಎದ್ದಿತು. ನಾದಿನಿ ಒಂದನ್ನು ಮೂಗಿಗೆ ಹಿಡಿದಳು. ಅದು ಅವಳ ತಾಯಿಯ ಟ್ರಂಕಿನ ವಾಸನೆ. ಹುಟ್ಟಿದಾಗಿನಿಂದ ಅವಳಿಗೆ ಗೊತ್ತಿದ್ದ ವಾಸನೆ.

ಬೈಯುತ್ತಾಳೆ, ಜುಟ್ಟು ಹಿಡಿಯುತ್ತಾಳೆ ಎಂದು ಎದುರುಮನೆಯವಳು ಒಂದು ಹೆಜ್ಜೆ ಮುಂದೆಯೇ ಬಂದಳು. ನಾದಿನಿ ಬೈಯಲಿಲ್ಲ.

“ಒಟ್ಟು ಎಷ್ಟವೆ ಅತ್ತಿಗೆ?”

“ಮೂವತ್ತೇಳು.”

ನಾದಿನಿ ಹೊಸ್ತಿಲ ಮೇಲೆ ಕೂತಳು. ಆ ಮನೆಯಲ್ಲಿ ಉಣ್ಣಲಿಲ್ಲ. ಹೋಗುವಾಗ ತಾಯಿಯ ಟ್ರಂಕು ಕೇಳಿದಳು. ಅಣ್ಣ ತಲೆಯ ಮೇಲೆ ಹೊತ್ತು ತಂದು ಬಸ್ಸಿಗೆ ಏರಿಸಿದ. ಎಲೆ ಎತ್ತುವ ಮೊದಲೇ ಸುದ್ದಿ ಕೊನೆಯ ಮನೆ ಮುಟ್ಟಿತ್ತು.

ಆಮೇಲೆ ಆ ಸೊಸೆಗೆ ಪೊಟ್ಟಣದ ಸದ್ದು ತಡೆದುಕೊಳ್ಳಲೇ ಆಗಲಿಲ್ಲ. ಅವಳಿಗೆ ಯಾರೂ ಬುದ್ಧಿ ಹೇಳಲಿಲ್ಲ. ಆರೋಗ್ಯ, ಸಕ್ಕರೆ, ಬಣ್ಣ ಎಂದು ಯಾರೂ ಪಾಠ ಮಾಡಲಿಲ್ಲ. ಅವಳು ಹೆದರಿಯೇ ಪೊಟ್ಟಣ ಬಿಟ್ಟಳು. ಹೆದರಿಕೆಯೂ ಒಬ್ಬ ಗುರುವೇ. ಕೈಯಲ್ಲಿ ಕೋಲು ಇರುತ್ತದೆ, ಅಷ್ಟೆ.

ಒಂದೇ ಸಲಕ್ಕೆ ಬಿಡಲು ಅವಳ ಕೈಲಾಗಲಿಲ್ಲ. ಬೆಳಗಿನ ಒಂದು ಹೊತ್ತಿನಿಂದ ಶುರು ಮಾಡಿದಳು. ಅತ್ತೆಯ ಬೆರಳಿಗೆ ಬಿಚ್ಚಲು ಬರದ್ದನ್ನು ಆ ಒಂದು ಹೊತ್ತು ಮನೆಯಲ್ಲಿ ಯಾರೂ ತಿನ್ನಕೂಡದು ಎಂದುಕೊಂಡಳು. ಬಾಳೆಹಣ್ಣು ಬಿಚ್ಚಲು ಬರುತ್ತದೆ. ಬೇಯಿಸಿದ ಕಡಲೆಕಾಯಿ ಬರುತ್ತದೆ. ಬೆಂದ ಗೆಣಸಿನ ಸಿಪ್ಪೆ ತಾನಾಗಿಯೇ ಬರುತ್ತದೆ. ಇಡ್ಲಿಗೆ ಬಿಚ್ಚುವ ಕೆಲಸವೇ ಇಲ್ಲ. ಇವನ್ನು ಮಗುವಿನ ಕೈಗೂ ಮುದುಕರ ಕೈಗೂ ಎಟುಕುವ ಕೆಳಗಿನ ಗೂಡಿನಲ್ಲಿಟ್ಟಳು. ಕತ್ತರಿ ಮೊಳೆಯಲ್ಲೇ ತೂಗಿತು.

ಅಂಗಡಿಗೆ ಹೋದರೆ ಯಾವ ಪೊಟ್ಟಣವಾದರೂ ಮೊದಲು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು, ಉಗುರು ತಾಗಿಸದೆ, ಮೆಲ್ಲಗೆ ಎಳೆದು ನೋಡುತ್ತಿದ್ದಳು. ಬರದಿದ್ದರೆ ಹಿಂದಿಡುತ್ತಿದ್ದಳು. “ಅಕ್ಕಾ, ತಗೊಂಡ್ಮೇಲೆ ಹರೀರಿ,” ಎಂದ ಅಂಗಡಿಯವನು. ಇವಳಿಗೆ ಗಾಳಿ ಸೋಕಿದೆ ಎಂದಿತು ಬೀದಿ. ಸೋಕಿತ್ತು ಕೂಡ. ಎಣ್ಣೆಯೂ ಉಪ್ಪೂ ಪೊಟ್ಟಣದಲ್ಲೇ ಬರುತ್ತಿದ್ದವು. ಅದಕ್ಕೆ ಅತ್ತೆ ಮುನಿಸಿಕೊಂಡಂತೆ ಕಾಣಲಿಲ್ಲ.

ಮಗಳು ಒಂದು ವಾರ ಅತ್ತಳು. ಎರಡನೆಯ ವಾರ ಎದುರುಮನೆಗೆ ಹೋಗಿ ನೂಡಲ್ಸು ತಿಂದು ಬಂದಳು. ಮೂರನೆಯ ವಾರ ಕಡಲೆಕಾಯಿಯ ಗೂಡಿಗೆ ತಾನೇ ಕೈ ಹಾಕಿದಳು. “ಅಮ್ಮ, ಇದು ನಂಗೇ ಬಿಚ್ಚಕ್ಕೆ ಬತ್ತದೆ” ಎಂದಳು. ಸೊಸೆ ಒಲೆಯ ಕಡೆ ತಿರುಗಿಕೊಂಡಳು. ಗಂಡ ಮಿಕ್ಸ್ಚರ್ ಬಿಡಲಿಲ್ಲ. ಅಂಗಡಿಯಲ್ಲೇ ಕೂತು ತಿಂದು, ಬಾಯಿ ಒರೆಸಿಕೊಂಡು ಮನೆಗೆ ಬರುತ್ತಿದ್ದ. ಬರಬರುತ್ತ ಬೆಳಗಿನ ಹೊತ್ತಿನ ನೇಮ ರಾತ್ರಿಯ ಹೊತ್ತಿಗೂ ಹಬ್ಬಿತು.

ಮರುವರ್ಷ ಪಕ್ಷ ಬಂತು. ನಾದಿನಿ ಬರುತ್ತಾಳೆಂದು ಯಾರೂ ನಂಬಿರಲಿಲ್ಲ. ಬಂದಳು. ಎಲೆಯ ಮೇಲೆ ಏನೇನಿದೆ ಎಂದು ನೋಡಿದಳು. ಮುದ್ದೆ, ಸಾರು, ಒಂದು ಚಿಪ್ಪು ಬಾಳೆಹಣ್ಣು, ಒಂದು ಬೊಗಸೆ ಬೇಯಿಸಿದ ಕಡಲೆಕಾಯಿ. ಬಾಗಿಲು ಹಾಕಿಕೊಂಡು ಹೊರಗೆ ನಿಂತರು. ಸೊಸೆ ಬಾಗಿಲಿಗೆ ಕಿವಿಯಿಟ್ಟಳು. ಸದ್ದು ಬಂದರೆ ಒಂದು ಭಯ. ಬಾರದಿದ್ದರೆ, ಅತ್ತೆ ಬರಲೇ ಇಲ್ಲವೇನೋ ಎಂದು ಇನ್ನೊಂದು ಭಯ.

ಸದ್ದು ಬರಲಿಲ್ಲ. ಹೊತ್ತು ತುಂಬಿದ ಮೇಲೆ ಬಾಗಿಲು ತೆಗೆದರು. ಎಲ್ಲ ಇಟ್ಟ ಹಾಗೇ ಇತ್ತು. ಒಂದು ಕಡಲೆಕಾಯಿ ಮಾತ್ರ ಎರಡು ಹೋಳಾಗಿತ್ತು. ಒಳಗೆ ಬೀಜ ಇರಲಿಲ್ಲ. ಬೇಯುವಾಗಲೇ ಬಿರಿದು ಬೀಜ ಉದುರಿತ್ತೋ ಏನೋ.

ನಾದಿನಿ ಆ ಸಿಪ್ಪೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅಂದು ಆ ಮನೆಯಲ್ಲಿ ಉಂಡಳು.

ನಿಂಗಾಜಮ್ಮ ಕತೆ ನಿಲ್ಲಿಸಿದರು. ಹೆಂಗಸರು ಉಸಿರು ಬಿಟ್ಟರು. ಅದು ಯಾವ ಬೀದಿಯ ಮನೆ ಇರಬಹುದೆಂದು ಇಬ್ಬರು ಆಗಲೇ ಪಿಸುಗುಟ್ಟತೊಡಗಿದ್ದರು. ಜಯಶೀಲ ಕಣ್ಣೊರೆಸಿಕೊಂಡಳು.

“ಹಾಗಾದರೆ ಬೆಳಗಿನ ಒಂದು ಹೊತ್ತಿನಿಂದ ಶುರು ಮಾಡಬೇಕು, ಅಲ್ವಾ ಅವ್ವಾ?”

ನಿಂಗಾಜಮ್ಮ ತಂಬೂರಿಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು.

“ಜಯಶೀಲ, ಬರುವಾಗ ನಿನ್ನತ್ತೆ ಕೈಗೆ ಪೊಟ್ಟಣ ಕೊಟ್ಟು ಬಂದೆ ಅಂದೆಯಲ್ಲ, ಅದನ್ನು ಬಿಚ್ಚಿ ಕೊಟ್ಟೆಯಾ?”